ಹೆರಿಗೆಯ ಮೇಜಿನ ಮೇಲೆ ವಾಕರಿಕೆ ಏಕೆ?



ಬಿಸಿಲಿನಲ್ಲಿ ಬಹಳ ಹೊತ್ತು ಕವಾಯತಿಗೆ ನಿಂತ ಸಹಪಾಠಿ ತಲೆಸುತ್ತಿ ಬೀಳುವುದನ್ನು ನೀವು ನೋಡಿರಬಹುದು. ಬೀಳುವ ಮುನ್ನ ಅವನು ‘ಹೊಟ್ಟೆ ತೊಳಸುತ್ತಿದೆ’ ಎನ್ನುತ್ತಾನೆ. ರಕ್ತ ಕಾಲುಗಳಲ್ಲಿ ನಿಂತು ಮೆದುಳಿಗೆ ಸಾಲದಾದುದೇ ಇದಕ್ಕೆ ಕಾರಣ. ಸಿಸೇರಿಯನ್ ಹೆರಿಗೆಯ ಮೇಜಿನ ಮೇಲೂ ಹೆಚ್ಚಾಗಿ ನಡೆಯುವುದು ಇದೇ.

ಈ ಶಸ್ತ್ರಕ್ರಿಯೆಯಲ್ಲಿ ತಾಯಿ ಸಾಮಾನ್ಯವಾಗಿ ಎಚ್ಚರವಾಗಿರುತ್ತಾಳೆ. ಸೊಂಟದ ಬಳಿ ಸಪೂರ ಸೂಜಿಯಿಂದ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಅರಿವಳಿಕೆ ಔಷಧ ಸೇರಿಸುತ್ತಾರೆ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲಿ ಶಸ್ತ್ರಕ್ರಿಯೆಗೆ ಬಳಸಿದ ವಿಧಾನವಿದು. ಎದೆಯಿಂದ ಕೆಳಗೆ ನೋವು ತಿಳಿಯದು. ಮಗುವಿನ ಮೊದಲ ಅಳು ಮಾತ್ರ ತಾಯಿಗೆ ಕೇಳುತ್ತದೆ.

ಆದರೆ ನೋವಿನ ನರಗಳೊಂದಿಗೆ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳೂ ಮರಗಟ್ಟುತ್ತವೆ. ನಾಳಗಳು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಇಳಿದು, ಮೆದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರ ಕೆರಳುತ್ತದೆ. ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಇದನ್ನು ‘ಹೆದರಿಕೆ’ ಎಂದು ತಳ್ಳಿಹಾಕುವುದು ದೊಡ್ಡ ತಪ್ಪು.

ಆದ್ದರಿಂದ ವಾಂತಿಯ ಮದ್ದಿಗಿಂತ ಮೊದಲು ರಕ್ತದೊತ್ತಡವನ್ನು ಕಾಯಬೇಕು. ಅರಿವಳಿಕೆ ಕೊಟ್ಟ ಕೂಡಲೇ ಫಿನೈಲೆಫ್ರಿನ್ ಎಂಬ, ನಾಳಗಳನ್ನು ಬಿಗಿಗೊಳಿಸುವ ಔಷಧವನ್ನು ರಕ್ತನಾಳದ ಮೂಲಕ ಹರಿಸುತ್ತಾರೆ. ಜೊತೆಗೆ ಡ್ರಿಪ್ ಕೊಡುತ್ತಾರೆ. ತಾಯಿಯನ್ನು ಸ್ವಲ್ಪ ಎಡಕ್ಕೆ ವಾಲಿಸುವುದೂ ಉಂಟು. ಹೃದಯ ಸಂಕುಚಿಸುವಾಗಿನ ಒತ್ತಡವು ಮೊದಲಿದ್ದುದರ ಶೇಕಡಾ 90ಕ್ಕಿಂತ ಇಳಿಯದಂತೆ ನೋಡಿಕೊಳ್ಳಬೇಕೆಂದು 2018ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸಲಹೆ ನೀಡಿದರು. ಆಂಡಾನ್ಸೆಟ್ರಾನ್‌ನಂತಹ ವಾಂತಿ ತಡೆಯುವ ಔಷಧಗಳು ಇದಕ್ಕೆ ಪೂರಕ.

ಮಗು ಹೊರಬಂದ ಮೇಲೂ ವಾಕರಿಕೆ ಬರಬಹುದು. ಗರ್ಭಕೋಶವನ್ನು ಎಳೆದಾಡಿದರೆ ಹೀಗಾಗುತ್ತದೆ. ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಅನ್ನು ಒಮ್ಮೆಗೇ ವೇಗವಾಗಿ ಚುಚ್ಚಿದರೆ ರಕ್ತದೊತ್ತಡ ಮತ್ತೆ ಕುಸಿಯುತ್ತದೆ. ಅದನ್ನು ನಿಧಾನವಾಗಿ ಕೊಡಬೇಕು.

ಇನ್ನು ಉಪವಾಸದ ಮಾತು. ಮೊದಲೇ ನಿಗದಿಯಾದ ಶಸ್ತ್ರಕ್ರಿಯೆಗೆ 6ರಿಂದ 8 ಗಂಟೆ ಮೊದಲೇ ಊಟ ನಿಲ್ಲಿಸುವುದು, ವಾಂತಿಯಾದರೂ ಅನ್ನದ ಅಗುಳು ಶ್ವಾಸಕೋಶಕ್ಕೆ ಹೋಗದಿರಲೆಂದು. ತೊಂದರೆ ಇಲ್ಲದ ತಾಯಂದಿರು ಬರಿಯ ನೀರನ್ನು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ‘ನೀರೂ ಮುಟ್ಟಬೇಡ’ ಎಂದು ರಾತ್ರಿಯಿಡೀ ಬಾಯಾರಿಸುವ ಹಿರಿಯರಿಗೆ ಇದನ್ನು ತಿಳಿಸಿ, ವೈದ್ಯರನ್ನೂ ಕೇಳಿಕೊಳ್ಳಿ.

ನಿಮ್ಮ ಅಕ್ಕನೋ ಅತ್ತಿಗೆಯೋ ಇಂತಹ ಹೆರಿಗೆಗೆ ಹೋಗುವಾಗ ಒಂದು ಮಾತು ಹೇಳಿ ಕಳುಹಿಸಿ. ಯಂತ್ರ ಒತ್ತಡವನ್ನು ಅಳೆಯುವುದು ನಿಮಿಷಕ್ಕೋ ಎರಡು ನಿಮಿಷಕ್ಕೋ ಒಮ್ಮೆ. ಅದಕ್ಕೂ ಮೊದಲೇ ತಾಯಿಗೆ ಸಂಕಟ ತಿಳಿಯಬಹುದು. ತಲೆಯ ಬಳಿ ನಿಂತಿರುವ ಅರಿವಳಿಕೆ ವೈದ್ಯರಿಗೆ ‘ಡಾಕ್ಟ್ರೇ, ಹೊಟ್ಟೆ ತೊಳಸುತ್ತಿದೆ’ ಎಂದು ಸಂಕೋಚವಿಲ್ಲದೆ, ಆ ಕ್ಷಣವೇ ಹೇಳಲಿ.