ಮತಪೆಟ್ಟಿಗೆಗೆ ಮುನ್ನ ಇಪ್ಪತ್ಮೂರು ತಿಂಗಳು



2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಶೇ. 55.3 ಮಂದಿ ಬೇಡವೆಂದರು, ಶೇ. 44.7 ಮಂದಿ ಬೇಕೆಂದರು. ಈ ಫಲಿತಾಂಶ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ನಾನು ಇವತ್ತು ಹೇಳಹೊರಟಿರುವುದು ಅದಕ್ಕೆ ಮುಂಚಿನ ಇಪ್ಪತ್ಮೂರು ತಿಂಗಳ ವಿಚಾರ. 307 ವರ್ಷ ಕೂಡಿ ಬಾಳಿದ ಎರಡು ನಾಡುಗಳು ಬೇರೆಯಾಗಬೇಕೆ ಎಂಬ ಮಾತು ಎತ್ತಿದರೆ ಲೋಕದ ಎಷ್ಟೋ ಕಡೆ ಗುಂಡು ಹಾರುತ್ತದೆ, ಸೆರೆಮನೆ ತುಂಬುತ್ತದೆ. ಸ್ಕಾಟ್ಲೆಂಡಿನಲ್ಲಿ ಹಾಗಾಗಲಿಲ್ಲ. ಅಲ್ಲಿನವರು ನಮಗಿಂತ ಸಾತ್ವಿಕರು ಎಂಬುದು ಅದಕ್ಕೆ ಕಾರಣವಲ್ಲ. ಚರ್ಚೆಗೆ ಕೂರುವ ಮೊದಲೇ ಅದರ ನಿಯಮಗಳನ್ನು ಎರಡೂ ಕಡೆಯವರು ಒಪ್ಪಿಕೊಂಡರು. ಆ ನಿಯಮಗಳಿಗೆ ಬದ್ಧರಾಗಿದ್ದಷ್ಟು ದಿನ ಚರ್ಚೆ ಚೆನ್ನಾಗಿ ನಡೆಯಿತು. ಅವು ಸಡಿಲವಾದಾಗ ಅದೂ ಕೆಟ್ಟಿತು. ನನ್ನ ವಾದ ಇಷ್ಟೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಇಂಗ್ಲೆಂಡಿಗೂ ದೊರೆಯಾದ. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಒಂದಾದವು. ಆದರೂ ಸ್ಕಾಟ್ಲೆಂಡ್ ತನ್ನದೇ ಕಾನೂನು, ತನ್ನದೇ ಚರ್ಚು, ತನ್ನದೇ ಶಾಲಾ ಪದ್ಧತಿಯನ್ನು ಉಳಿಸಿಕೊಂಡಿತು. 1979ರಲ್ಲಿ, ಸೀಮಿತ ಅಧಿಕಾರದ ಶಾಸನಸಭೆಯೊಂದು ಬೇಕೆ ಎಂದು ಕೇಳಿದಾಗ, ಮತ ಹಾಕಿದವರಲ್ಲಿ ಶೇ. 51.6 ಮಂದಿ ಹೌದೆಂದರು. ಆದರೂ ಸಭೆ ಬರಲಿಲ್ಲ. ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇ. 40 ಮಂದಿಯಾದರೂ ಒಪ್ಪಿರಬೇಕೆಂಬ ಷರತ್ತನ್ನು ಲಂಡನ್ನಿನ ಪಾರ್ಲಿಮೆಂಟು ಸೇರಿಸಿತ್ತು. ಮತಗಟ್ಟೆಗೆ ಬಾರದವರೂ, ಪಟ್ಟಿಯಿಂದ ಹೆಸರು ತೆಗೆಯದೆ ಉಳಿದಿದ್ದ ಸತ್ತವರೂ ‘ಇಲ್ಲ’ ಎಂದಂತಾಯಿತು. ಈ ನೋವು ಸ್ಕಾಟ್ಲೆಂಡಿನಲ್ಲಿ ದಶಕಗಳ ಕಾಲ ಮಾಸಲಿಲ್ಲ. 1997ರಲ್ಲಿ ಮತ್ತೆ ಕೇಳಿದರು, ಈ ಸಲ ಶೇ. 74 ಮಂದಿ ಹೌದೆಂದರು. 1999ರಲ್ಲಿ ಎಡಿನ್‌ಬರೋದಲ್ಲಿ ಪಾರ್ಲಿಮೆಂಟು ಮತ್ತೆ ಸೇರಿತು. 2011ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅಲ್ಲಿನ 129 ಸ್ಥಾನಗಳಲ್ಲಿ 69ನ್ನು ಗೆದ್ದು ಸ್ವಂತ ಬಲದ ಸರ್ಕಾರ ರಚಿಸಿತು. ಒಂದೇ ಪಕ್ಷಕ್ಕೆ ಬಹುಮತ ಸಿಗುವುದೇ ಕಷ್ಟವಾಗುವಂಥ ಚುನಾವಣಾ ಪದ್ಧತಿಯಲ್ಲಿ ಅದು ಗೆದ್ದಿತ್ತು. ಹಾಗಾಗಿ ಜನಮತಗಣನೆಯ ಬೇಡಿಕೆಯನ್ನು ಬದಿಗೆ ಸರಿಸುವುದು ಲಂಡನ್ನಿಗೆ ಸಾಧ್ಯವಿರಲಿಲ್ಲ.

2012ರ ಅಕ್ಟೋಬರ್ 15ರಂದು ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರನ್ ಮತ್ತು ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಮಂಡ್ ಎಡಿನ್‌ಬರೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ಮುಖ್ಯ ದಿನ ಅದೇ. ಸಂವಿಧಾನದ ವಿಷಯ ಲಂಡನ್ನಿನ ಪಾರ್ಲಿಮೆಂಟಿಗೆ ಸೇರಿದ್ದು. ಈ ಒಂದು ಮತದಾನಕ್ಕಾಗಿ ಮಾತ್ರ, 2014ರ ಕೊನೆಯವರೆಗೆ, ಅದು ಆ ಅಧಿಕಾರವನ್ನು ಎಡಿನ್‌ಬರೋಗೆ ಬಿಟ್ಟುಕೊಟ್ಟಿತು. ಶೇ. 40ರಂಥ ಷರತ್ತು ಈ ಬಾರಿ ಇರಲಿಲ್ಲ. ಒಂದು ಮತ ಹೆಚ್ಚು ಬಂದ ಕಡೆಗೆ ಗೆಲುವು. ಪ್ರಶ್ನೆ ಒಂದೇ ಇರಬೇಕೆಂದು ಕ್ಯಾಮರನ್ ಪಟ್ಟು ಹಿಡಿದರು. ಬ್ರಿಟನ್ನಿನ ಒಕ್ಕೂಟದಲ್ಲೇ ಇದ್ದು ಇನ್ನಷ್ಟು ಅಧಿಕಾರ ಪಡೆಯುವ ಮೂರನೆಯ ದಾರಿ ಬೇಕೆ ಎಂದೂ ಜನರನ್ನು ಕೇಳಬಹುದಿತ್ತು. ಕ್ಯಾಮರನ್ ಅದಕ್ಕೆ ಒಪ್ಪಲಿಲ್ಲ. ಇದನ್ನು ನೆನಪಿನಲ್ಲಿಡಿ, ಮತ್ತೆ ಈ ವಿಷಯಕ್ಕೆ ಬರುತ್ತೇನೆ. ಪ್ರಶ್ನೆಯ ಒಕ್ಕಣೆ, ದಿನಾಂಕ, ಮತದಾರರು ಯಾರು ಎಂಬುದನ್ನು ಸಾಮಂಡ್ ಕಡೆಗೆ ಬಿಡಲಾಯಿತು. ಅವರ ಸರ್ಕಾರ ಮೊದಲು ಬರೆದಿದ್ದ ಪ್ರಶ್ನೆ, ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ’ ಎಂದಿತ್ತು. ಚುನಾವಣಾ ಆಯೋಗ ಅದನ್ನು ಜನರ ನಡುವೆ ಪರೀಕ್ಷಿಸಿ, ಹೀಗೆ ಕೇಳಿದರೆ ಉತ್ತರ ಹೌದಿನ ಕಡೆಗೆ ವಾಲುತ್ತದೆ ಎಂದು ತಿದ್ದಿಕೊಟ್ಟಿತು. ಸ್ವಾತಂತ್ರ್ಯ ಬಯಸಿದ ಸರ್ಕಾರ ತನಗೆ ಅನುಕೂಲವಾಗಿದ್ದ ಒಕ್ಕಣೆಯನ್ನು ಕೈಬಿಟ್ಟು ಆ ತಿದ್ದುಪಡಿಯನ್ನು ಒಪ್ಪಿತು. ಇಂಥದನ್ನು ನಾವು ಮನಸಾರೆ ಮೆಚ್ಚಬೇಕು.

ಇನ್ನು ಮತದಾರರು ಯಾರು? ಹದಿನಾರು ತುಂಬಿದವರಿಗೆಲ್ಲ ಹಕ್ಕು ಕೊಟ್ಟರು. ಹುಟ್ಟನ್ನು ಕೇಳಲಿಲ್ಲ, ರಕ್ತವನ್ನು ಕೇಳಲಿಲ್ಲ. ನೀವು ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದೀರಾ ಎಂದಷ್ಟೇ ಕೇಳಿದರು. ಬ್ರಿಟಿಷ್ ಪ್ರಜೆಗಳ ಜೊತೆಗೆ ಐರೋಪ್ಯ ಒಕ್ಕೂಟದ ಮತ್ತು ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೂ ಮತದಾರರಾದರು. ಎಂದರೆ ಅಬರ್ಡೀನಿನ ತೈಲೋದ್ಯಮದಲ್ಲಿ ದುಡಿಯುವ, ಗ್ಲಾಸ್ಗೋ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕನ್ನಡಿಗರು ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಆ ನಾಡಿನ ಹಣೆಬರಹ ಬರೆಯುವ ಹಕ್ಕು ಪಡೆದಿದ್ದರು. ಸ್ವಾತಂತ್ರ್ಯದ ಬಹುದೊಡ್ಡ ಬೆಂಬಲಿಗರಾಗಿದ್ದ ನಟ ಶಾನ್ ಕಾನರಿ ಬಹಾಮಾಸ್‌ನಲ್ಲಿ ನೆಲೆಸಿದ್ದರು, ಅವರಿಗೆ ಮತವಿರಲಿಲ್ಲ. ಇಂಗ್ಲೆಂಡಿನಲ್ಲಿ ವಾಸವಾಗಿದ್ದ ಟೆನಿಸ್ ಆಟಗಾರ ಆ್ಯಂಡಿ ಮರ್ರಿಗೂ ಇರಲಿಲ್ಲ. ರಾಷ್ಟ್ರೀಯತೆಯ ಹೆಸರಿನಲ್ಲಿ ನಡೆದ ಚಳವಳಿಯೊಂದು ‘ನಮ್ಮವರು’ ಯಾರೆಂದು ಇಷ್ಟು ವಿಶಾಲವಾಗಿ ಹೇಳಿದ ಉದಾಹರಣೆ ಹೆಚ್ಚು ಸಿಗುವುದಿಲ್ಲ. ಮಣ್ಣಿನ ಮಕ್ಕಳ ಮಾತು ಕೇಳಿ ಬೆಳೆದ ನಮಗೆ ಇದು ಯೋಚಿಸಬೇಕಾದ ಸಂಗತಿ.

ಹೀಗೆ ನಿಯಮಗಳು ಗೊತ್ತಾದ ಮೇಲೆ ನಾಡು ಮಾತಿಗೆ ಕೂತಿತು. ಊರಿನ ಸಮುದಾಯ ಭವನಗಳಲ್ಲಿ, ಚರ್ಚುಗಳಲ್ಲಿ, ಗ್ರಂಥಾಲಯಗಳಲ್ಲಿ, ಪಬ್ಬುಗಳಲ್ಲಿ ಸಭೆಗಳಾದವು. ಕಲಾವಿದರ ಗುಂಪುಗಳು, ಮಹಿಳೆಯರ ಗುಂಪುಗಳು ಪಕ್ಷಗಳ ಅಪ್ಪಣೆಗೆ ಕಾಯದೆ ಹುಟ್ಟಿಕೊಂಡವು. ಸ್ಕಾಟಿಷ್ ಸರ್ಕಾರ 2013ರ ನವೆಂಬರ್‌ನಲ್ಲಿ ಸ್ವಾತಂತ್ರ್ಯದ ಬಗ್ಗೆ ತಂದ ಶ್ವೇತಪತ್ರ 600 ಪುಟಗಳಿಗೂ ಮಿಕ್ಕಿತ್ತು. ಮನಸ್ಸು ತಟ್ಟುವುದು ಮತದಾರರ ನೋಂದಣಿಯ ಕಥೆ. ಮಾರ್ಗರೇಟ್ ಥ್ಯಾಚರ್ ಸರ್ಕಾರ ‘ಪೋಲ್ ಟ್ಯಾಕ್ಸ್’ ಎಂಬ ತಲೆಗಂದಾಯವನ್ನು 1989ರಲ್ಲಿ, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, ಸ್ಕಾಟ್ಲೆಂಡಿನ ಮೇಲೆ ಹೇರಿತ್ತು. ಅದನ್ನು ಕಟ್ಟಲಾರದ, ಕಟ್ಟಲೊಲ್ಲದ ಬಡವರು ಮತದಾರರ ಪಟ್ಟಿಯಿಂದಲೇ ಮರೆಯಾಗಿದ್ದರು. ಅಂಥವರು ಇಪ್ಪತ್ತು ವರ್ಷಕ್ಕೂ ಮೇಲೆ, ಈ ಒಂದು ಮತಕ್ಕಾಗಿ, ಮುಂದೆ ಬಂದು ಹೆಸರು ಬರೆಸಿದರು. ಅರ್ಹರಲ್ಲಿ ಶೇ. 97ರಷ್ಟು ಮಂದಿ ಪಟ್ಟಿ ಸೇರಿದರು. ಮತದಾನ ಮುಗಿದ ಮೇಲೆ ಕೆಲವು ನಗರಸಭೆಗಳು ಅದೇ ಪಟ್ಟಿ ಹಿಡಿದು ಹಳೆಯ ಬಾಕಿ ವಸೂಲಿಗೆ ಹೊರಡುವ ಮಾತಾಡಿದವು. ಸ್ಕಾಟಿಷ್ ಪಾರ್ಲಿಮೆಂಟು 2015ರಲ್ಲಿ ಕಾಯ್ದೆ ಮಾಡಿ ಆ ಬಾಕಿಯನ್ನೇ ಇಲ್ಲವಾಗಿಸಿತು. ಸರಿಯಾದ ಕೆಲಸವನ್ನೇ ಮಾಡಿತು.

ಚರ್ಚೆಯ ಹೊಟ್ಟೆಯಲ್ಲಿದ್ದದ್ದು ದುಡ್ಡಿನ ಪ್ರಶ್ನೆ. ಸ್ವತಂತ್ರ ಸ್ಕಾಟ್ಲೆಂಡಿನ ಕರೆನ್ಸಿ ಯಾವುದು? ಪೌಂಡನ್ನೇ ಉಳಿಸಿಕೊಂಡು ಉಳಿದ ಬ್ರಿಟನ್ನಿನ ಜೊತೆ ಕರೆನ್ಸಿ ಒಕ್ಕೂಟ ಮಾಡಿಕೊಳ್ಳುತ್ತೇವೆ ಎಂದರು ಸಾಮಂಡ್. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ಈಗಲೂ ತಮ್ಮದೇ ಪೌಂಡ್ ನೋಟು ಅಚ್ಚುಹಾಕುತ್ತವೆ. ಹಾಗಾಗಿ ಪೌಂಡು ನಮ್ಮದೂ ಹೌದು ಎಂಬ ಮಾತು ಜನರಿಗೆ ಸಹಜವಾಗಿಯೇ ಕೇಳಿಸಿತು. ಆದರೆ ನೋಟು ಅಚ್ಚುಹಾಕುವುದು ಬೇರೆ, ಅದರ ಬೆನ್ನಿಗೆ ಕೊನೆಯ ಆಸರೆಯಾಗಿ ನಿಲ್ಲುವ ಬ್ಯಾಂಕು ಬೇರೆ. ಬಡ್ಡಿದರ ನಿರ್ಧರಿಸುವವರು, ಬ್ಯಾಂಕು ಮುಳುಗಿದರೆ ಎತ್ತುವವರು ಇನ್ನೊಂದು ದೇಶದವರಾದರೆ ಸ್ವಾತಂತ್ರ್ಯದ ಒಂದು ಭಾಗವನ್ನು ಅವರ ಕೈಗೇ ಒಪ್ಪಿಸಿದಂತೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಮಾರ್ಕ್ ಕಾರ್ನಿ 2014ರ ಜನವರಿಯಲ್ಲಿ ಎಡಿನ್‌ಬರೋಗೆ ಬಂದು ಇದನ್ನು ಸಮಾಧಾನದಿಂದ ವಿವರಿಸಿದರು. ಮುಂದಿನ ತಿಂಗಳು ಹಣಕಾಸು ಸಚಿವ ಜಾರ್ಜ್ ಓಸ್ಬರ್ನ್ ಅದೇ ಊರಿಗೆ ಬಂದು, ಕರೆನ್ಸಿ ಒಕ್ಕೂಟ ಆಗುವ ಮಾತೇ ಇಲ್ಲ ಎಂದರು. ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳೂ ದನಿಗೂಡಿಸಿದವು. ಒಬ್ಬರು ಕಲಿಸಿದರು, ಇನ್ನೊಬ್ಬರು ಬಾಗಿಲು ಹಾಕಿದರು. ಸಾಮಂಡ್ ಇದನ್ನು ಬರೀ ಬೆದರಿಕೆ ಎಂದು ತಳ್ಳಿಹಾಕಿದರು.

ಆಗಸ್ಟ್ 5ರಂದು ಗ್ಲಾಸ್ಗೋದಲ್ಲಿ ಟೀವಿಯೆದುರು ನಡೆದ ಮೊದಲ ವಾಗ್ವಾದದಲ್ಲಿ, ಒಕ್ಕೂಟದ ಪರ ನಿಂತ ಅಲಿಸ್ಟರ್ ಡಾರ್ಲಿಂಗ್ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರು: ಪೌಂಡ್ ಸಿಗದಿದ್ದರೆ ನಿಮ್ಮ ಇನ್ನೊಂದು ದಾರಿ ಯಾವುದು? ನೇರ ಉತ್ತರ ಬರಲಿಲ್ಲ. ಡಾರ್ಲಿಂಗ್ ಗೆದ್ದರೆಂದು ಕೂಡಲೇ ನಡೆದ ಸಮೀಕ್ಷೆ ಹೇಳಿತು. ಆಗಸ್ಟ್ 25ರಂದು ಕೆಲ್ವಿನ್‌ಗ್ರೋವ್ ಕಲಾ ಸಂಗ್ರಹಾಲಯದಲ್ಲಿ ನಡೆದ ಎರಡನೆಯದರಲ್ಲಿ ಸಾಮಂಡ್ ತಯಾರಾಗಿ ಬಂದು, ಒಂದಲ್ಲ ಮೂರು ದಾರಿಗಳಿವೆ ಎಂದರು. ಆ ರಾತ್ರಿಯ ಸಮೀಕ್ಷೆಯಲ್ಲಿ ಶೇ. 71 ಮಂದಿ ಅವರೇ ಗೆದ್ದರೆಂದರು. ಆದರೆ ಆ ಮೂರರಲ್ಲಿ ಯಾವುದು ಎಂಬುದು ಮತದಾನದ ದಿನದವರೆಗೂ ಇತ್ಯರ್ಥವಾಗಲಿಲ್ಲ. ಮಾತಿನಲ್ಲಿ ಗೆದ್ದರೂ ವಾದದಲ್ಲಿ ಸಾಮಂಡ್ ಸೋತರೆಂದೇ ನನ್ನ ತೀರ್ಮಾನ.

ಅಂಕಿಗಳ ವಿಷಯದಲ್ಲಿ ಎರಡೂ ಕಡೆಯವರು ಜನರ ನಂಬಿಕೆಗೆ ಮೋಸ ಮಾಡಿದರು. ಇದನ್ನು ಕಟುವಾಗಿಯೇ ಹೇಳಬೇಕು. 2014ರ ಮೇ 28ರಂದು, ಒಂದೇ ದಿನ, ಲಂಡನ್ನಿನ ಖಜಾನೆ ಒಕ್ಕೂಟದಲ್ಲಿದ್ದರೆ ಪ್ರತಿ ಸ್ಕಾಟ್‌ಗೆ ವರ್ಷಕ್ಕೆ 1,400 ಪೌಂಡ್ ಲಾಭ ಎಂದಿತು; ಸ್ವತಂತ್ರವಾದರೆ 15 ವರ್ಷದಲ್ಲಿ ತಲೆಗೆ 1,000 ಪೌಂಡ್ ಲಾಭ ಎಂದಿತು ಎಡಿನ್‌ಬರೋ ಸರ್ಕಾರ. ಅದೇ ವಾರ ಖಜಾನೆ ಹೊಸ ಸರ್ಕಾರಿ ಇಲಾಖೆಗಳನ್ನು ಕಟ್ಟುವ ಖರ್ಚಿಗೆ ದೊಡ್ಡ ಮೊತ್ತವೊಂದನ್ನು ಪ್ರಕಟಿಸಿತು. ಅದಕ್ಕೆ ಯಾರ ಸಂಶೋಧನೆಯನ್ನು ಆಧಾರ ಮಾಡಿಕೊಂಡಿತ್ತೋ ಆ ಪ್ರೊಫೆಸರ್ ಪ್ಯಾಟ್ರಿಕ್ ಡನ್‌ಲೀವಿಯವರೇ ಅದು ವಿಪರೀತ ಉಬ್ಬಿಸಿದ ಲೆಕ್ಕ ಎಂದು ಬಹಿರಂಗವಾಗಿ ಹೇಳಿದರು. ಇತ್ತ ಶ್ವೇತಪತ್ರದ ಕನಸು ನಿಂತಿದ್ದದ್ದು ಬ್ಯಾರೆಲ್ಲಿಗೆ 110 ಡಾಲರ್ ಆಸುಪಾಸಿನ ತೈಲ ಬೆಲೆಯ ಮೇಲೆ. 2015ರ ಜನವರಿಗೆ ಬೆಲೆ 50 ಡಾಲರಿಗೂ ಕೆಳಗಿಳಿದಿತ್ತು.

ಕಹಿಯೂ ಇತ್ತು. ಒಕ್ಕೂಟದ ಪರವಾಗಿ ಬೀದಿಯಲ್ಲಿ ಡಬ್ಬಿಗಳ ಮೇಲೆ ನಿಂತು ಮಾತಾಡುತ್ತಿದ್ದ ಲೇಬರ್ ಸಂಸದ ಜಿಮ್ ಮರ್ಫಿಯವರ ಮೇಲೆ ಮೊಟ್ಟೆ ಎಸೆದರು. ಒಕ್ಕೂಟದ ಕಡೆಗೆ ಹತ್ತು ಲಕ್ಷ ಪೌಂಡ್ ಕೊಟ್ಟ ಲೇಖಕಿ ಜೆ. ಕೆ. ರೌಲಿಂಗ್ ಬೈಗುಳ ಕೇಳಬೇಕಾಯಿತು. ಇವೆಲ್ಲ ನಾಚಿಕೆಯ ಸಂಗತಿಗಳು. ಆದರೂ ಇಷ್ಟು ದೊಡ್ಡ ಪ್ರಶ್ನೆಗೆ ಇಷ್ಟೇ ಆದದ್ದು ಸಣ್ಣ ಮಾತಲ್ಲ.

ನನಗೆ ಇನ್ನೂ ದೊಡ್ಡ ತಪ್ಪಾಗಿ ಕಾಣುವುದು ಕೊನೆಯ ವಾರದ್ದು. ಸೆಪ್ಟೆಂಬರ್ 7ರಂದು ಒಂದು ಸಮೀಕ್ಷೆ ‘ಹೌದು’ ಬಣಕ್ಕೆ ಶೇ. 51 ಎಂದಿತು. ಲಂಡನ್ ಬೆಚ್ಚಿತು. 16ರಂದು ‘ಡೈಲಿ ರೆಕಾರ್ಡ್’ ಪತ್ರಿಕೆಯ ಮುಖಪುಟದಲ್ಲಿ ಕ್ಯಾಮರನ್, ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್, ಲಿಬರಲ್ ಡೆಮಾಕ್ರಾಟ್ ನಾಯಕ ನಿಕ್ ಕ್ಲೆಗ್ ಮೂವರ ಸಹಿಯ ಪ್ರತಿಜ್ಞೆ ಬಂತು: ನೀವು ಬೇಡವೆಂದರೆ ಸ್ಕಾಟಿಷ್ ಪಾರ್ಲಿಮೆಂಟಿಗೆ ವ್ಯಾಪಕವಾದ ಹೊಸ ಅಧಿಕಾರ ಕೊಡುತ್ತೇವೆ. 2012ರಲ್ಲಿ ಮತಪತ್ರದ ಮೇಲೆ ಬರಕೂಡದೆಂದು ತಡೆದಿದ್ದ ಮೂರನೆಯ ದಾರಿ, ಮತದಾನಕ್ಕೆ ಎರಡು ದಿನವಿರುವಾಗ, ವಿವರಗಳಿಲ್ಲದೆ, ಪತ್ರಿಕೆಯ ಮುಖಪುಟದಲ್ಲಿ ಬಂತು. ಅಂಚೆ ಮತದಾರರಲ್ಲಿ ಬಹಳ ಮಂದಿ ಅಷ್ಟರಲ್ಲಿ ಮತ ಕಳಿಸಿಯಾಗಿತ್ತು. ಅದು ಫಲಿತಾಂಶವನ್ನು ಬದಲಿಸಿತೆಂದು ನಾನು ಹೇಳುತ್ತಿಲ್ಲ. ಇಪ್ಪತ್ಮೂರು ತಿಂಗಳು ಚರ್ಚಿಸಬಹುದಾಗಿದ್ದನ್ನು ಎರಡು ದಿನದಲ್ಲಿ ತುರುಕಿದರು, ಜನರಿಗೆ ಪ್ರಶ್ನೆ ಕೇಳಲು ಸಮಯ ಕೊಡಲಿಲ್ಲ. ನನ್ನ ಆಕ್ಷೇಪ ಅದು.

ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆ ಎಂದು ಕೇಳಿದ 2016ರ ಬ್ರೆಕ್ಸಿಟ್ ಮತದಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದಿನಾಂಕ ಹೇಳಿದ್ದು ಫೆಬ್ರವರಿಯಲ್ಲಿ, ಮತ ನಡೆದದ್ದು ಜೂನ್ 23ಕ್ಕೆ. ಹದಿನಾರರವರಿಗೆ ಮತವಿಲ್ಲ, ಯಾರ ಬದುಕು ನೇರವಾಗಿ ಅಲುಗಾಡುತ್ತಿತ್ತೋ ಆ ಐರೋಪ್ಯ ನಿವಾಸಿಗಳಲ್ಲಿ ಬಹುಪಾಲು ಜನರಿಗೂ ಇಲ್ಲ. ಹೊರಬರಬೇಕೆಂದ ಬಣ ಶ್ವೇತಪತ್ರ ಕೊಡಲಿಲ್ಲ. ಅಲ್ಲಿ ಗೆದ್ದವರು ಏನನ್ನು ಗೆದ್ದೆವೆಂದು ತಮ್ಮತಮ್ಮಲ್ಲೇ ವರ್ಷಗಟ್ಟಲೆ ಜಗಳಾಡಿದರು. ಸ್ಕಾಟ್ಲೆಂಡಿನ ಶೇ. 62 ಮತದಾರರು ಯುರೋಪಿನಲ್ಲಿ ಉಳಿಯುವುದಕ್ಕೆ ಮತ ಹಾಕಿದ್ದರು, ಆದರೂ ಹೊರಬರಬೇಕಾಯಿತು. ಅಲ್ಲಿಂದ ಸ್ವಾತಂತ್ರ್ಯದ ಬೇಡಿಕೆ ಮತ್ತೆ ಎದ್ದಿತು. ಆದರೆ ಲಂಡನ್ನಿನ ಒಪ್ಪಿಗೆಯಿಲ್ಲದೆ ಜನಮತಗಣನೆಗೆ ಕಾಯ್ದೆ ಮಾಡುವ ಅಧಿಕಾರ ಸ್ಕಾಟಿಷ್ ಪಾರ್ಲಿಮೆಂಟಿಗಿಲ್ಲ ಎಂದು 2022ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಎಡಿನ್‌ಬರೋ ಒಪ್ಪಂದದಂಥದ್ದು ಇನ್ನೊಮ್ಮೆ ಆಗದೆ ಆ ದಾರಿ ತೆರೆಯದು.

2014ರ ಚರ್ಚೆಯಿಂದ ಉಳಿದದ್ದೇನು ಎಂದು ಕೇಳಿದರೆ, ನಾನು ಮೊದಲು ತೋರಿಸುವುದು ಹದಿನಾರು, ಹದಿನೇಳು ವಯಸ್ಸಿನವರನ್ನು. ಸುಮಾರು 1,10,000 ಮಂದಿ ಹೆಸರು ಬರೆಸಿದರು; ಅವರಲ್ಲಿ ಬಹಳ ಮಂದಿ ಓದಿಕೊಂಡು, ಶಾಲೆಗಳಲ್ಲಿ ವಾದಿಸಿ ಮತ ಹಾಕಿದರು. ಮೊದಲು ಈ ಹಕ್ಕನ್ನು ವಿರೋಧಿಸಿದ್ದ ಸ್ಕಾಟಿಷ್ ಕನ್ಸರ್ವೇಟಿವ್ ನಾಯಕಿ ರೂತ್ ಡೇವಿಡ್ಸನ್, ಆ ಮಕ್ಕಳ ಆಸಕ್ತಿ ಕಂಡು ನಿಲುವು ಬದಲಿಸಿದರು. 2015ರ ಜೂನ್‌ನಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ತನ್ನ ಎಲ್ಲ ಚುನಾವಣೆಗಳಿಗೂ ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸುವ ಮಸೂದೆಯನ್ನು ಅವಿರೋಧವಾಗಿ ಅಂಗೀಕರಿಸಿತು. 2016ರ ಮೇ ತಿಂಗಳಲ್ಲಿ ಅವರು ತಮ್ಮ ಶಾಸಕರನ್ನು ತಾವೇ ಆರಿಸಿದರು.