ಸರಾಸರಿಯ ಸಂಖ್ಯೆಗೆ ದಿನದಿನದ ಅಳುಕು ಏಕೆ?

ಹಬ್ಬದ ದಿನ ಎರಡು ಒಬ್ಬಟ್ಟು ಉಂಡು, ಕೈ ತೊಳೆದು ಬಂದು ಮೊಬೈಲ್ ತೆಗೆದರೆ, ಇವತ್ತಿನ ಕ್ಯಾಲೊರಿ ಗುರಿ ಮೀರಿದೆ ಎಂದು ಆ್ಯಪ್ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಉಂಡ ತೃಪ್ತಿ ಕರಗಿಹೋಗಿ, ಏನೋ ತಪ್ಪು ಮಾಡಿದ ಅಳುಕು ಮನಸ್ಸನ್ನು ಹಿಡಿಯುತ್ತದೆ. ರಾತ್ರಿ ಊಟ ಬಿಡಬೇಕೋ, ನಾಳೆ ಎರಡರಷ್ಟು ನಡೆಯಬೇಕೋ ಎಂಬ ಲೆಕ್ಕ ಶುರುವಾಗುತ್ತದೆ. ತೂಕ ಇಳಿಸಲು ಹೊರಟ ಅನೇಕರಿಗೆ, ಅದರಲ್ಲೂ ಹರೆಯದವರಿಗೆ, ಇದು ನಿತ್ಯದ ಸಂಕಟ. ಅವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಸಂಖ್ಯೆ ಬಹಳ ಜನರ, ಬಹಳ ದಿನಗಳ ಅಂದಾಜು. ಅದನ್ನು ಒಬ್ಬರ ಒಂದು ದಿನದ ತೀರ್ಪೆಂದು ಓದಿಕೊಂಡು ಪಡುವ ಪಾಪಪ್ರಜ್ಞೆಗೆ ವಿಜ್ಞಾನದ ಆಧಾರವಿಲ್ಲ.

ಮೊದಲು ತಟ್ಟೆಯ ಕಡೆಯ ಲೆಕ್ಕ ನೋಡೋಣ. ಇದಕ್ಕೆ ತಳಪಾಯ ಹಾಕಿದವರು ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಅವರು, ಒಬ್ಬ ಮನುಷ್ಯ ದಿನಗಟ್ಟಲೆ ಇರಬಹುದಾದ ಮುಚ್ಚಿದ ಸಣ್ಣ ಕೋಣೆಯೊಂದನ್ನು ಕಟ್ಟಿಸಿ, ಕೊಳವೆಗಳಲ್ಲಿ ನೀರು ಹರಿಸಿ, ಆ ನೀರು ಎಷ್ಟು ಬಿಸಿಯಾಯಿತು ಎಂಬುದರಿಂದ ಮೈಯ ಶಾಖವನ್ನು ಅಳೆದರು. ಒಂದು ಗ್ರಾಂ ಪಿಷ್ಟಕ್ಕೆ ಇಲ್ಲವೇ ಪ್ರೋಟೀನಿಗೆ 4 ಕ್ಯಾಲೊರಿ, ಕೊಬ್ಬಿಗೆ 9 ಎಂಬ ಅವರ ಸೂತ್ರವೇ ಇಂದಿಗೂ ಪೊಟ್ಟಣಗಳ ಮೇಲಿನ ಲೆಕ್ಕಕ್ಕೆ ಆಧಾರ. ಆದರೆ ಅದೂ ನಾನಾ ಬಗೆಯ ಆಹಾರಗಳ ಸರಾಸರಿಯೇ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬಾದಾಮಿಯನ್ನು ಪರೀಕ್ಷಿಸಿದಾಗ, ಸೂತ್ರದ ಪ್ರಕಾರ ಸುಮಾರು 170 ಕ್ಯಾಲೊರಿ ಕೊಡಬೇಕಿದ್ದ 28 ಗ್ರಾಂ ಬಾದಾಮಿಯಿಂದ ಮೈಗೆ ಹತ್ತಿದ್ದು 129 ಮಾತ್ರ. ಗಟ್ಟಿ ಬೀಜದ ಕೊಬ್ಬಿನಲ್ಲಿ ಒಂದು ಪಾಲು ಅರಗದೆ ಹೊರಹೋಗುತ್ತದೆ. ನಮ್ಮ ಅಡುಗೆಮನೆಗೇ ಬನ್ನಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಆ್ಯಪ್ ಕೇಳುವುದು ಮುದ್ದೆ ಒಂದೋ ಎರಡೋ ಎಂದು. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಕೈ ಒದ್ದೆ ಮಾಡಿಕೊಂಡು ಕಟ್ಟಿದ ಆ ಮುದ್ದೆಯಲ್ಲಿ ಹಿಟ್ಟು 80 ಗ್ರಾಂ ಇರಬಹುದು, 120 ಗ್ರಾಂ ಇರಬಹುದು. ಅಲ್ಲೇ ಸುಮಾರು 130 ಕ್ಯಾಲೊರಿಯ ಅಂತರ. ಸಾರಿನ ಒಗ್ಗರಣೆಗೆ ಒಂದು ಚಿಕ್ಕ ಚಮಚ ಎಣ್ಣೆ ಹೆಚ್ಚು ಬಿದ್ದರೆ ಇನ್ನೂ 45. ಹೀಗಿರುವಾಗ ಗುರಿ 60 ಕ್ಯಾಲೊರಿ ಮೀರಿತೆಂದು ಕೊರಗುವುದೆಂದರೆ, ಅಳತೆಯ ತಪ್ಪಿಗೆ ಮನಸ್ಸು ದಂಡ ಕಟ್ಟಿದ ಹಾಗೆ.

ಇನ್ನು ಮೈಯ ಕಡೆಯ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಬೇಕು, 55 ಕಿಲೋ ತೂಕದ ಹೆಂಗಸಿಗೆ 1660. ಅದೇ ಹೆಂಗಸು ಮೈಮುರಿದು ದುಡಿಯುವವಳಾದರೆ 2720. ಇವು ಒಂದು ಗುಂಪಿನ ಸರಾಸರಿಗಳು. ಸರಾಸರಿಯನ್ನು ಒಬ್ಬೊಬ್ಬರ ಗೆರೆಯಾಗಿ ಎಳೆಯಬಹುದೇ ಎಂಬ ಚರ್ಚೆ ನಮ್ಮ ದೇಶದಲ್ಲಿ ಬಹು ಹಿಂದೆಯೇ ನಡೆದಿದೆ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ, ಹಳ್ಳಿಗೆ 2400, ಪಟ್ಟಣಕ್ಕೆ 2100 ಕ್ಯಾಲೊರಿ ಎಂದು ಹಿಡಿದು ಬಡತನದ ರೇಖೆಯನ್ನು ಗುರುತಿಸಿತು. ಸರಾಸರಿಯನ್ನು ಹೀಗೆ ಗಡಿಯಾಗಿ ಬಳಸುವುದನ್ನು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ವಿರೋಧಿಸಿದರು. ಒಬ್ಬನೇ ಮನುಷ್ಯನ ಆಹಾರವೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಆ ಏರಿಳಿತ ಆರೋಗ್ಯದ ಸಹಜ ಲಕ್ಷಣ ಎಂಬುದು ಅವರ ವಾದ. ಬಡವರ ಹಸಿವನ್ನು ಇದು ಕಡಿಮೆ ಮಾಡಿ ಎಣಿಸುತ್ತದೆ ಎಂದು ಇತರ ಪೋಷಣಾ ತಜ್ಞರು ಬಲವಾಗಿಯೇ ಆಕ್ಷೇಪಿಸಿದರು, ಆ ಆಕ್ಷೇಪದಲ್ಲಿ ಕಳಕಳಿಯಿತ್ತು. ಆದರೂ ಮೈಗೆ ಪ್ರತಿದಿನ ಒಂದೇ ಅಳತೆ ಬೇಕಿಲ್ಲ ಎಂಬ ಮಾತು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಾದರೆ ಇಂಥ ಅಂದಾಜಿಗೆ ತಪ್ಪು ಒಪ್ಪುಗಳ ಭಾರ ಬಂದದ್ದು ಹೇಗೆ? 1918ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಕ್ಯಾಲೊರಿ ಎಣಿಸಿ ಉಣ್ಣುವುದನ್ನು ಕಲಿಸುವ ಪುಸ್ತಕ ಬರೆದರು, ಅದು ಮನೆಮಾತಾಯಿತು. ಹೆಚ್ಚು ತಿಂದು ಮೈ ಬೆಳೆಸುವುದು, ಬರಗಾಲದಲ್ಲಿ ಧಾನ್ಯ ಬಚ್ಚಿಟ್ಟುಕೊಂಡಷ್ಟೇ ತಪ್ಪು ಎಂಬ ಭಾವ ಆ ಕಾಲದ್ದು. ಯುದ್ಧ ಮುಗಿಯಿತು, ಭಾವ ಉಳಿಯಿತು. ಅದರಿಂದ ತೂಕವಾದರೂ ಹತೋಟಿಗೆ ಬರುತ್ತದೆಯೇ? 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಮನೋವಿಜ್ಞಾನಿಗಳು ಯುವತಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರು. ಸಾಮಾನ್ಯವಾಗಿ ಉಣ್ಣುವವರು ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿದ್ದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚೇ ತಿಂದರು. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎನ್ನುವಂತೆ, ಗೆರೆ ದಾಟಿದೆ ಎಂಬ ಭಾವನೆಯೇ ಹಿಡಿತವನ್ನು ಸಡಿಲಿಸಿತು. ಅತಿಯಾದ ಕಟ್ಟುಪಾಡಿನ ಪರಿಣಾಮ 1944-45ರಲ್ಲಿ ಮಿನೆಸೋಟದ ಪ್ರಯೋಗದಲ್ಲೂ ಕಂಡಿತ್ತು. ಆನ್ಸೆಲ್ ಕೀಸ್ ಅವರ ತಂಡ 36 ಆರೋಗ್ಯವಂತ ಯುವಕರ ಆಹಾರವನ್ನು ಆರು ತಿಂಗಳ ಕಾಲ ಅರ್ಧದಷ್ಟಕ್ಕೆ ಇಳಿಸಿದಾಗ, ಅವರು ಮಂಕಾದರು, ಸಿಡುಕರಾದರು, ಹಗಲಿರುಳೂ ಊಟವನ್ನೇ ಧ್ಯಾನಿಸಿದರು. ಹಸಿದ ಮೈಯೇ ಮನಸ್ಸನ್ನು ಅನ್ನದ ಕಡೆಗೆ ಎಳೆಯುವಾಗ ಅದನ್ನು ಮನೋಬಲದ ಕೊರತೆ ಎನ್ನುವುದು ಅನ್ಯಾಯ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇರುವಾಗ ಲೆಕ್ಕ ಬಿಡಿ ಎನ್ನಬಹುದೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಲೆಕ್ಕ ಬಿಡಿ ಎಂದು ನಾನು ಹೇಳುತ್ತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರು ಹೇಳಿದ ಅಳತೆಯನ್ನು ಪಾಲಿಸಲೇಬೇಕು. ಎಣ್ಣೆ, ಸಕ್ಕರೆ ಎಲ್ಲಿ ಸೇರುತ್ತಿದೆ ಎಂದು ತಿಳಿಯಲು ಕೆಲವು ದಿನ ಬರೆದಿಡುವುದೂ ಒಳ್ಳೆಯದೇ. ಆದರೆ ತೂಕ ಏರುವುದು, ಇಳಿಯುವುದು ವಾರ, ತಿಂಗಳುಗಳ ರೂಢಿಯಿಂದ. ಹಬ್ಬದ ಒಂದು ದಿನದ ಊಟ ಆ ರೂಢಿಯನ್ನು ಕೆಡಿಸುವುದಿಲ್ಲ. ಮರುದಿನ ಉಪವಾಸದ ಶಿಕ್ಷೆ ಕೊಟ್ಟುಕೊಂಡರೆ ರೂಢಿಯೇ ತಪ್ಪುತ್ತದೆ. ಅಂಜಿಕೆ ಇಲ್ಲದಿದ್ದರೆ ಶಿಸ್ತು ಎಲ್ಲಿಂದ ಬರಬೇಕು ಎನ್ನುವವರೂ ಇದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣುವುದು, ಹಸಿವು ತೀರಿದಾಗ ಏಳುವುದು, ಪಲ್ಯ, ಕಾಳು ಹೆಚ್ಚಿಸಿಕೊಳ್ಳುವುದು ಕೂಡ ಶಿಸ್ತೇ, ಮತ್ತು ವರ್ಷಗಟ್ಟಲೆ ನಡೆಸಿಕೊಂಡು ಹೋಗಬಹುದಾದ ಶಿಸ್ತು.

ಆದ್ದರಿಂದ ಗುರಿ ಮೀರಿದ ದಿನ ಮುಂದಿನ ಊಟವನ್ನು ಬಿಡಬೇಡಿ, ಎಂದಿನ ಹೊತ್ತಿಗೆ ಎಂದಿನಂತೆ ಉಣ್ಣಿ. ಲೆಕ್ಕ ಇಡಲೇಬೇಕೆಂದರೆ ವಾರಕ್ಕೊಮ್ಮೆ ನೋಡಿ. ಊಟದ ಭಯ ನಿದ್ದೆಗೆಡಿಸುತ್ತಿದ್ದರೆ, ನಾಲ್ಕು ಜನರ ಜೊತೆ ಕೂತು ಉಣ್ಣಲು ಹಿಂಜರಿಕೆಯಾಗುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಬೇಕೆನಿಸುತ್ತಿದ್ದರೆ, ಅದು ಚಿಕಿತ್ಸೆ ಇರುವ ತೊಂದರೆ. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಉಂಡವರನ್ನು ನಮ್ಮ ಹಿರಿಯರು ಕೇಳುತ್ತಿದ್ದದ್ದು "ಹೊಟ್ಟೆ ತುಂಬಿತೇ?" ಎಂದು. ಆ ಪ್ರಶ್ನೆಗೆ ನಿಮ್ಮ ಮೈ ಕೊಡುವ ಉತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.