ರೊಟ್ಟಿಯ ಜೊತೆಗೊಂದು ತತ್ತಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆ ಅಂದರೆ ಸಾಲ, ಬಡ್ಡಿ, ಗೊಬ್ಬರ, ಬೀಜದ ಮಾತು. ಇವತ್ತು ನಾವು ತತ್ತಿಯ ಬಗ್ಗೆ ನಾಲ್ಕು ಮಾತು ಆಡುವವರಿದ್ದೇವೆ. ನಾವು ಎಸ್.ಎಸ್.ಎಲ್.ಸಿ. ಓದಿದ ಒಕ್ಕಲುತನದವರು, ಡಾಕ್ಟರಲ್ಲ. ಆದರೂ ಕಟ್ಟಿ ಮ್ಯಾಲೆ ಕುಂತಾಗ ಈ ತತ್ತಿ ಸಲುವಾಗಿ ನಡೆಯುವ ವಾದ ಕೇಳಿ ಕೇಳಿ, ತಿಳಿದಷ್ಟು ಹೇಳಬೇಕೆನಿಸಿತು.

ನಮ್ಮದು ಡೋಣಿ ದಂಡೆಯ ಎರಿ ಭೂಮಿ. ಬಿಳಿಜೋಳದ ರೊಟ್ಟಿ ತಿಂದು ಬೆಳೆದ ಮೈ ನಮ್ಮದು. ರೊಟ್ಟಿ ಕಸುವು ಕೊಡತೈತಿ, ಸುಳ್ಳಲ್ಲ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೆಳೆಯುವ ಮೈಗೆ ಅದು ಬೇಕೇ ಬೇಕು. ನಮ್ಮ ಹಿರಿಯರು ರೊಟ್ಟಿಗೆ ಬ್ಯಾಳಿ, ಕಾಳು, ಮೊಸರು ಜೋಡಿಸಿದ್ದು ಸುಮ್ಮನೆ ಅಲ್ಲ. ಆ ಕೊರತೆ ತುಂಬುವ ಕೆಲಸವನ್ನು ತತ್ತಿ ಇನ್ನೂ ಚಲೋ ಮಾಡುತ್ತದೆ. 50 ಗ್ರಾಮಿನ ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಉಂಟು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 23 ಗ್ರಾಂ. ಅಂದರೆ ರೂಪಾಯಿಗೆ ನಾಲ್ಕಾಣೆ ಪಾಲು ಒಂದೇ ತತ್ತಿಯಿಂದ ಬಂತು. ಎ, ಡಿ ಜೀವಸತ್ವಗಳು ಇರುವುದು ಹಳದಿ ಭಾಗದಲ್ಲಿ, ಬಿ-12 ಸಹ ಹೆಚ್ಚಿಗೆ ಅಲ್ಲೇ. ಮಕ್ಕಳಿಗೆ ಬಿಳಿದಷ್ಟೇ ತಿನ್ನಿಸಿ ಹಳದಿ ಚೆಲ್ಲುವುದು ಪ್ಯಾಟಿ ಮಂದಿ ಚಟ, ನಮಗ ಬ್ಯಾಡ. ಹಾಗಂತ ತತ್ತಿಯಲ್ಲಿ ಎಲ್ಲಾ ಐತಿ ಅಂತಲ್ಲ. ಸಿ ಜೀವಸತ್ವ ಇಲ್ಲವೇ ಇಲ್ಲ, ಕಬ್ಬಿಣವೂ ಅಷ್ಟಕ್ಕಷ್ಟೆ. ಅದಕ್ಕೆ ಮೆಂತ್ಯೆ, ರಾಜಗಿರಿ ಪಲ್ಲೆ ಬಿಡಬಾರದು, ಮ್ಯಾಲೆ ಒಂದೀಟು ಲಿಂಬಿಹುಳಿ ಹಿಂಡಬೇಕು.

ಇನ್ನು ಸಾಲಿ ವಿಚಾರ. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ ನಮ್ಮ ವಿಜಯಪುರವನ್ನೂ ಸೇರಿಸಿದರು. ಇದೇನು ಮಾನದ ಪಟ್ಟಿಯಲ್ಲ. ನಮ್ಮ ಕಡೆ ಮಕ್ಕಳಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಹೆಚ್ಚು ಎಂಬುದೇ ಕಾರಣ. ಆಗ ಕೆಲವು ಮಠಾಧೀಶರು ವಿರೋಧ ಮಾಡಿದರು, ಬೇಕೆಂದವರೂ ಬೀದಿಗಿಳಿದರು. 2022ರಲ್ಲಿ ಇಡೀ ರಾಜ್ಯಕ್ಕೆ ಬಂತು, 2023ರಲ್ಲಿ ಹತ್ತನೆತ್ತೆಯವರೆಗೂ ಏರಿತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ವ್ಯವಸ್ಥೆಯಾಯಿತು.

ಒಲ್ಲೆ ಅನ್ನುವ ಮಕ್ಕಳಿಗೆ ಬಾಳೆಹಣ್ಣು. ಅದು ಅವರವರ ಮನೆಯ ನಡಾವಳಿ. ತಿನ್ನುವ ಹುಡುಗನನ್ನೂ ತಿನ್ನದ ಹುಡುಗನನ್ನೂ ಪಂಕ್ತಿಯಲ್ಲಿ ಯಾರೂ ಹಂಗಿಸಬಾರದು. ಆದರೆ ಒಂದು ಬಾಳೆಹಣ್ಣಿನಲ್ಲಿ ಪ್ರೋಟೀನು ಸುಮಾರು ಒಂದೇ ಗ್ರಾಂ. ಹಾಗಾಗಿ ತತ್ತಿ ಒಲ್ಲದ ಮನೆಯವರು ಹುಡುಗರಿಗೆ ದಿನಾ ಒಂದು ಹಿಡಿ ಶೇಂಗಾ, ಒಂದು ಗ್ಲಾಸ್ ಹಾಲು ತಪ್ಪಿಸಬೇಡಿರಿ. ಬಿ-12 ಕಾಳಿನಾಗ, ಪಲ್ಲೆದಾಗ ಸಿಗೂದಿಲ್ಲ. ಹಾಲು, ಮೊಸರೇ ಗತಿ.

ಜವಾರಿ ತತ್ತಿ ಮೇಲೋ, ಫಾರಂ ತತ್ತಿ ಮೇಲೋ ಅಂತ ಕೇಳುತ್ತಾರೆ. ರುಚಿ ಬ್ಯಾರೆ, ರೊಕ್ಕ ಬ್ಯಾರೆ, ಪ್ರೋಟೀನು ಹೆಚ್ಚೂಕಡಿಮೆ ಅಷ್ಟೇ. ಗರಡಿ ಹುಡುಗರು ಹಸಿ ತತ್ತಿ ಒಡೆದು ಹಾಲಿಗೆ ಹಾಕಿ ಕುಡಿಯುತ್ತಾರಲ್ಲ, ಅದರಾಗ ಅರ್ಧ ಪ್ರೋಟೀನು ಮೈಗೆ ಹತ್ತುವುದೇ ಇಲ್ಲ. ಜೊತೆಗೆ ರೋಗಾಣುವಿನ ಅಂಜಿಕೆ ಬ್ಯಾರೆ. ಹತ್ತು ನಿಮಿಷ ಕುದಿಸಿ ತಿಂದರೆ ಎರಡೂ ಚಿಂತೆ ಇಲ್ಲ. ಬ್ಯಾಸಗ್ಯಾಗ ತತ್ತಿ ಲಗೂನ ಕೆಡತಾವು, ಎರಡು ಮೂರು ದಿನಕ್ಕೆ ಆಗುವಷ್ಟೇ ತರ್ರಿ. ನೀರಾಗ ಬಿಟ್ಟರೆ ಹೊಸದು ತಳಕ್ಕೆ ಕುಂದರತೈತಿ, ಹಳೇದು ತೇಲತೈತಿ. ಸಕ್ಕರಿ ಕಾಯಿಲೆ, ಹೃದಯದ ತೊಂದರೆ ಇದ್ದವರು ಮಾತ್ರ ಎಷ್ಟು ತಿನ್ನಬೇಕೆಂದು ಡಾಕ್ಟರನ್ನು ಕೇಳಿಕೊಳ್ಳಿರಿ.

ಕಡೇ ಮಾತು ಅತ್ತಿ ಸ್ಥಾನದಾಗ ಇರುವ ತಾಯಂದಿರಿಗೆ. ಮನ್ಯಾಗ ತತ್ತಿ ಮಾಡಿದ ದಿವಸ ಮೊದಲು ಗಂಡಸರಿಗೆ, ಆಮ್ಯಾಲೆ ಗಂಡು ಹುಡುಗರಿಗೆ. ಬಸುರಿ ಸೊಸಿಗೆ ಬರೂದು ಬರೇ ಸಾರು. ಇದು ನಮ್ಮ ಓಣಿಗಳಲ್ಲಿ ಇದ್ದದ್ದೇ. ಒಂದೇ ಊಟದಾಗ ಎರಡು ಜೀವ ಬೆಳೆಸುವಾಕೆ ಆಕಿ. 2017ರ ಅಕ್ಟೋಬರ್ 2ರಿಂದ ರಾಜ್ಯದ ತುಂಬ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯ ಊಟದೊಳಗೆ ತತ್ತಿಯೂ ಸೇರಿದೆ. ನಾಚಿಕಿ ಅಂತ, ಮನ್ಯಾಗ ಕೆಲಸ ಐತಿ ಅಂತ ಅದನ್ನು ತಪ್ಪಿಸಬೇಡಿರಿ. ನಿಮ್ಮ ಸೊಸಿ ಹೆಸರು ಬರೆಸಿದ್ದೀರೋ ಇಲ್ಲವೋ, ಅಂಗನವಾಡಿಯಲ್ಲಿ ವಿಚಾರಿಸಿರಿ.